ಮುತ್ತಜ್ಜಿಯ ತವರು ಯಾವುದು?

ಹೆಣ್ಣು ಗಂಡನ ಮನೆಯ ಹೊಸ್ತಿಲು ದಾಟಿದ ಮೇಲೆ ಅವಳ ವಂಶ ಅಲ್ಲಿಗೆ ಮುಗಿಯಿತು ಎಂಬ ಮಾತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಈ ಮಾತು ಎರಡು ವೇಷದಲ್ಲಿ ಬರುತ್ತದೆ. ಹಿರಿಯರು ಹೇಳುವುದು ಇಷ್ಟು: ಹೆಣ್ಣಿಗೆ ಸ್ವಂತದ ವಂಶವೇ ಇಲ್ಲ, ಹುಟ್ಟಿದಾಗ ತಂದೆಯದು, ಮದುವೆಯಾದಾಗ ಗಂಡನದು. ಓದಿದವರು ಇದನ್ನೇ ತುಸು ತಿದ್ದಿ ಹೇಳುತ್ತಾರೆ: ಮೂಲ ಇದ್ದೇ ಇರುತ್ತದೆ, ಆದರೆ ನೂರೈವತ್ತು ವರ್ಷದ ಹಿಂದಿನ ಹಳ್ಳಿಯ ಹೆಂಗಸಿನ ಬಗ್ಗೆ ಕಾಗದ ಎಲ್ಲಿದೆ? ಆದ್ದರಿಂದ ಹುಡುಕುವುದು ವ್ಯರ್ಥ. ಎರಡೂ ಮಾತುಗಳಿಗೆ ಆಧಾರ ಇಲ್ಲದಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದ ಹೆಳವರು ಮನೆಯ ಮುಂದೆ ನಿಂತು ಒಕ್ಕಲಿನ ಹತ್ತಾರು ತಲೆಮಾರು ಹೇಳುತ್ತಿದ್ದರು. ಆದರೆ ಅವರ ಎಣಿಕೆ ಸಾಗುವುದು ಗಂಡುಸಂತಾನದ ಜಾಡಿನಲ್ಲಿ. ಸರಕಾರಿ ಬರಹವೂ ಹಾಗೆಯೇ. ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರು ಸೇರಿಸುತ್ತಿದ್ದರು. ಮದುವೆಯಾದ ಹೆಣ್ಣಿನ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರು. ಆ ಒಂದು ಪುಟ್ಟ ಪದ ಅವಳ ತಂದೆಯನ್ನು ಕಾಗದದಿಂದ ಅಳಿಸಿಬಿಡುತ್ತಿತ್ತು. 1872ರ, 1881ರ ಜನಗಣತಿಗಳಲ್ಲಿ ಮನೆಮನೆಯ ಪಟ್ಟಿ ಬರೆದದ್ದು ನಿಜವಾದರೂ ನಮಗೆ ಉಳಿದಿರುವುದು ಅಚ್ಚಾದ ಕೋಷ್ಟಕಗಳು. ಅಲ್ಲಿ ಆಕೆ ಒಂದು ಅಂಕಿಯ ಒಳಗಿನ ಒಂದು.

ಇಷ್ಟನ್ನು ಒಪ್ಪಿಕೊಂಡ ಮೇಲೂ, ಈ ನಂಬಿಕೆಯಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಕೊಂಡಿವೆ ಎಂದು ನನಗನಿಸುತ್ತದೆ. ‘ವಂಶ’ ಎನ್ನುವುದು ಒಂದು ಏರ್ಪಾಡು: ಯಾರ ಹೆಸರು ಮುಂದುವರಿಯಬೇಕು, ಹೊಲ ಯಾರಿಗೆ ಹೋಗಬೇಕು, ಪಿಂಡ ಯಾರು ಇಡಬೇಕು ಎಂಬುದನ್ನು ತೀರ್ಮಾನಿಸುವ ಸಾಮಾಜಿಕ ಕಟ್ಟಳೆ. ‘ಹುಟ್ಟಿನ ಮೂಲ’ ಎನ್ನುವುದು ಒಂದು ಸಂಗತಿ: ಈಕೆ ಯಾರ ಮಗಳು, ಆ ತಂದೆತಾಯಿ ಯಾರ ಮಕ್ಕಳು. ಕಟ್ಟಳೆ ಆಕೆಯನ್ನು ಗಂಡನ ಲೆಕ್ಕಕ್ಕೆ ಹಾಕಿದ್ದರಿಂದ ಸಂಗತಿ ಬದಲಾಗಲಿಲ್ಲ. ದತ್ತಕ ಹೋದ ಹುಡುಗನ ವಿಷಯದಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಗೊತ್ತು: ಆತ ದತ್ತಕ ತಂದೆಯ ಆಸ್ತಿ ಪಡೆದರೂ ಹುಟ್ಟಿದ ಮನೆಯ ಸಂಬಂಧದೊಳಗೆ ಮದುವೆಯಾಗುವಂತಿಲ್ಲ ಎಂದು ಶಾಸ್ತ್ರವೂ ಊರೂ ಒಟ್ಟಿಗೆ ಹೇಳುತ್ತವೆ. ವಂಶ ಬದಲಾಯಿತು, ರಕ್ತ ಬದಲಾಗಲಿಲ್ಲ ಎಂಬ ವಿವೇಕ ಗಂಡುಮಗುವಿಗೆ ಅನ್ವಯಿಸುವಾಗ ಸಲೀಸಾಗಿ ಹೊಳೆಯುತ್ತದೆ. ಸೊಸೆಯ ವಿಷಯಕ್ಕೆ ಬಂದಾಗ ಮರೆತುಹೋಗುತ್ತದೆ. ಹಾಗಾಗಿ ಹಿರಿಯರ ಮಾತು ತಪ್ಪು ಎನ್ನುವುದಕ್ಕಿಂತ, ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ ಎನ್ನಬೇಕು. ಓದಿದವರ ಮಾತು ಹಾಗಲ್ಲ. ಕಾಗದ ಇದೆಯೋ ಇಲ್ಲವೋ ಎಂಬುದನ್ನು ಹುಡುಕಿಯೇ ನೋಡಬೇಕು.

1860ರ ಸುಮಾರಿಗೆ ರಬಕವಿಯಲ್ಲಿ ಹುಟ್ಟಿ ಬನಹಟ್ಟಿಗೆ ಸೊಸೆಯಾಗಿ ಬಂದ ಒಬ್ಬಾಕೆಯನ್ನು ಊಹಿಸಿಕೊಳ್ಳೋಣ. ಇಂದು ಎರಡೂ ಸೇರಿ ಒಂದೇ ಊರು. ಆಗ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯ ಪಟವರ್ಧನರದ್ದು. ಅಲ್ಲಿಂದ ತುಸು ದೂರದ ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದ್ದು. ಬೀಳಗಿಯಾದರೋ ಬ್ರಿಟಿಷರ ಕಲಾದಗಿ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಕಚೇರಿ 1885ರಲ್ಲಿ ವಿಜಾಪುರಕ್ಕೆ ಹೋಯಿತು, ಹೆಸರೂ ಬದಲಾಯಿತು. ಒಂದು ಬಂಡಿ ಕೆಲವೇ ದಿನಗಳಲ್ಲಿ ಸುತ್ತಿ ಬರಬಹುದಾದ ಸೀಮೆಗೆ ನಾಲ್ಕು ದಫ್ತರಗಳು, ಸಂಸ್ಥಾನಗಳ ಬರವಣಿಗೆ ಬಹುಪಾಲು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಬೀಗತನಕ್ಕೆ ಈ ಗಡಿಗಳು ಲೆಕ್ಕಕ್ಕೇ ಇರಲಿಲ್ಲ. ಹೆಣ್ಣು ಕೊಟ್ಟು ತರುವವರು ನೋಡುತ್ತಿದ್ದದ್ದು ಬೆಡಗು, ಮನೆದೇವರು, ಹಳೆಯ ಕಳ್ಳುಬಳ್ಳಿ. ಹೀಗಾಗಿ ಬನಹಟ್ಟಿಯ ಮೊಮ್ಮಕ್ಕಳು ಅಜ್ಜಿಯ ತಂದೆಯನ್ನು ಜಮಖಂಡಿಯ ಕಾಗದದಲ್ಲಿ ಹುಡುಕಿ, ಸಿಗದೆ, ‘ದಾಖಲೆ ಇಲ್ಲ’ ಎಂದು ಕೈಚೆಲ್ಲುತ್ತಾರೆ. ಹುಡುಕಬೇಕಾದ್ದು ಸಾಂಗಲಿಯ ದಫ್ತರವನ್ನು. 1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಕನ್ನಡದ ಭಾಗ ಮೈಸೂರು ರಾಜ್ಯಕ್ಕೆ ಬಂತು, ಸಾಂಗಲಿ ಆಚೆಗೇ ಉಳಿಯಿತು. ಒಂದೇ ಕುಟುಂಬದ ಗಂಡನ ಮನೆ ಒಂದು ಸಂಸ್ಥಾನದಲ್ಲಿ, ತವರು ಇನ್ನೊಂದರಲ್ಲಿ ಇದ್ದಾಗ, ಗಂಡಸಿನ ಜಾಡು ಒಂದೇ ದಫ್ತರದಲ್ಲಿ ಮುಗಿಯುತ್ತದೆ; ಹೆಂಗಸಿನ ಜಾಡಿಗೆ ಎರಡು ಬೇಕು. ಇದು ಕಷ್ಟದ ಮಾತು, ಇಲ್ಲ ಎಂಬ ಮಾತಲ್ಲ.

ಇನ್ನು ಆ ದಫ್ತರಗಳಲ್ಲಿ ಹೆಣ್ಣುಮಕ್ಕಳ ಹೆಸರು ಬರುವುದಾದರೂ ಯಾಕೆ? ಬಹುಮಟ್ಟಿಗೆ, ಅವರನ್ನು ಹೊರಗಿಡಬೇಕಾಗಿದ್ದರಿಂದಲೇ. ಮುಂಬಯಿ ಪ್ರಾಂತದ 1874ರ ವತನ ಕಾಯ್ದೆ ಗೌಡಕಿ, ಕುಲಕರ್ಣಿಕಿಯಂಥ ವಂಶಪಾರಂಪರ್ಯದ ವತನಗಳಿಗೆ ಹಕ್ಕುದಾರರು ಯಾರೆಂದು ನೋಂದಾಯಿಸುವ ಏರ್ಪಾಡು ಮಾಡಿತು. 1886ರ ತಿದ್ದುಪಡಿ, ಕೊನೆಯ ವತನದಾರನ ವಿಧವೆಯನ್ನು ಬಿಟ್ಟು ಉಳಿದ ಹೆಂಗಸರ ಹಕ್ಕನ್ನು ವತನ ಕುಟುಂಬದ ಅರ್ಹ ಗಂಡಸರೆಲ್ಲರ ನಂತರಕ್ಕೆ ತಳ್ಳಿತು. ಈಗ ಯೋಚಿಸಿ: ಗಂಡುಸಂತಾನವಿಲ್ಲದೆ ಒಬ್ಬ ಗೌಡ ಸತ್ತ, ಅವನ ಮಗಳೊಂದು ಕಡೆ, ಮೂರು ತಲೆಮಾರಿನಾಚೆಯ ದಾಯಾದಿ ಇನ್ನೊಂದು ಕಡೆ. ದಾಯಾದಿ ಗೆಲ್ಲಬೇಕಾದರೆ ತನ್ನ ವಂಶಾವಳಿ ಬರೆದುಕೊಡಬೇಕು, ಎದುರಿಗಿರುವವಳು ಮಗಳು ಮಾತ್ರ ಎಂದು ಹೇಳಲೇಬೇಕು. ಹಾಗೆ ಹೇಳುವಾಗ ಅವಳ ಹೆಸರು, ತಂದೆಯ ಹೆಸರು, ಕೊಟ್ಟ ಊರು ಒಂದೇ ಕಾಗದದಲ್ಲಿ ಕೂಡಿಬಿಡುತ್ತವೆ. ‘ಕೋಂ’ ಅಳಿಸಿದ್ದನ್ನು ತಕರಾರು ಮರಳಿ ಬರೆಸುತ್ತದೆ. ವತನವಲ್ಲದ ಆಸ್ತಿಯಲ್ಲಿ ಮುಂಬಯಿ ಪ್ರಾಂತದ ಹಿಂದೂ ನ್ಯಾಯ ಬೇರೆ ಪ್ರಾಂತಗಳಿಗಿಂತ ಹೆಣ್ಣಿಗೆ ತುಸು ಉದಾರವಾಗಿತ್ತು: ಗಂಡುಮಕ್ಕಳೂ ವಿಧವೆಯೂ ಇಲ್ಲದಾಗ ಮಗಳು ತಂದೆಯ ಪ್ರತ್ಯೇಕ ಆಸ್ತಿಯನ್ನು ಪೂರ್ಣ ಹಕ್ಕಿನಿಂದ ಪಡೆಯುತ್ತಿದ್ದಳು, ಬೇರೆಡೆಯಂತೆ ಜೀವಮಾನದ ಮಟ್ಟಿಗಷ್ಟೇ ಅಲ್ಲ, ಗಂಡ ಬೇಡವೆಂದು ಹೇಳಿ ಸತ್ತಿರದಿದ್ದರೆ ವಿಧವೆ ಸ್ವಂತ ನಿರ್ಧಾರದಿಂದ ದತ್ತಕ ತೆಗೆದುಕೊಳ್ಳಬಹುದಿತ್ತು. ಹಕ್ಕು ಇದ್ದಲ್ಲಿ ಜಗಳ, ಜಗಳವಿದ್ದಲ್ಲಿ ಕಾಗದ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಹಳ್ಳಿಯ ಹೆಂಗಸಿನ ಬೇರು ಹುಡುಕುವವರ ಅನುಭವವೂ ಇದಕ್ಕೆ ದೂರವಲ್ಲ. ಅಲ್ಲಿನ ಜನಗಣತಿ 1850ರವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆಯುತ್ತಿತ್ತು. ಹೆಂಡತಿ ಅಲ್ಲಿಯೂ ಅಂಕಿ. ಆದರೆ ಗಂಡ ಹೊಲ ಮಾರಿದಾಗ, ಆ ಹೊಲದಲ್ಲಿ ತನಗಿದ್ದ ವಿಧವಾ ಪಾಲನ್ನು ಬಿಟ್ಟುಕೊಟ್ಟಿದ್ದೇನೆಂದು ಆಕೆ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕಾಗಿತ್ತು. ಅನೇಕ ಹೆಂಗಸರು ಕಾಗದಕ್ಕೆ ಬಂದದ್ದು ಆ ಬಿಟ್ಟುಕೊಡುವಿಕೆಯ ಮೂಲಕ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಣ್ಣದಲ್ಲ. ಇದೆಲ್ಲ ಹೊಲಮನೆ, ವತನ ಇದ್ದವರ ಮಾತು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ನೇಕಾರನ ಮಗಳಿಗೆ, ಹಳಗಲಿಯ ಬೇಡರ ಮನೆಯ ಹೆಣ್ಣಿಗೆ, ಕೂಲಿಯವರ ಹೆಂಡತಿಗೆ ಯಾವ ವ್ಯಾಜ್ಯ, ಯಾವ ವಂಶಾವಳಿ? ಜೊತೆಗೆ ಮುಂಬಯಿಯ ಕಾಯ್ದೆ ನೇರವಾಗಿ ನಡೆದದ್ದು ಬೀಳಗಿಯ ಕಡೆ. ಸಂಸ್ಥಾನಗಳಿಗೆ ಅವುಗಳದೇ ಕೋರ್ಟು ಕಚೇರಿ. ಒಪ್ಪತಕ್ಕ ಮಾತು. ಆದರೆ ಈ ಆಕ್ಷೇಪ ಏನನ್ನು ಸಾಧಿಸುತ್ತದೆ ಎಂಬುದನ್ನು ಗಮನಿಸಬೇಕು. ಕಾಗದದ ಕೊರತೆಗೆ ಕಾರಣ ಆಕೆ ಹೆಣ್ಣಾಗಿರುವುದಲ್ಲ, ಆಸ್ತಿ ಇಲ್ಲದಿರುವುದು ಎಂದು ಅದು ಹೇಳುತ್ತದೆ. 1857ರ ಕೊನೆಗೆ ಆಯುಧ ಒಪ್ಪಿಸಲು ಒಲ್ಲೆನೆಂದು ಎದ್ದ ಹಳಗಲಿಯ ಬೇಡರಲ್ಲಿ ಗಲ್ಲಿಗೇರಿದವರ ಹೆಸರು ನಮಗೆ ಕೇಳಿಬರುವುದು ಲಾವಣಿಯಿಂದ, ಸರಕಾರದ ಶಿಕ್ಷೆಯ ಕಾಗದದಿಂದ. ದಂಗೆ ಏಳದಿದ್ದರೆ ಆ ಗಂಡಸರೂ ತಮ್ಮ ಹೆಂಡಿರಷ್ಟೇ ಹೆಸರಿಲ್ಲದವರಾಗಿ ಉಳಿಯುತ್ತಿದ್ದರು. ಬಡ ಗಂಡಸಿನ ವಂಶ ಗೊತ್ತಿದೆ ಎಂದು ನಾವು ನಂಬುವುದು ಅಡ್ಡಹೆಸರಿನ ಭರವಸೆಯಿಂದ, ಮತ್ತು ಆ ಭರವಸೆ ತೀರಾ ತೆಳ್ಳಗಿನದು. ಬಡಿಗೇರ, ಹೂಗಾರ, ಕಂಬಾರ ಎಂಬವು ಕಸುಬು ಹೇಳುತ್ತವೆ, ಕುಟುಂಬವನ್ನಲ್ಲ. ಊರಿನ ಅಡ್ಡಹೆಸರು ಇನ್ನೂ ತಮಾಷೆಯದು. ಜಮಖಂಡಿಯಲ್ಲೇ ಉಳಿದವನನ್ನು ಯಾರೂ ‘ಜಮಖಂಡಿ’ ಎಂದು ಕರೆಯುವುದಿಲ್ಲ. ಊರು ಬಿಟ್ಟು ಹೋದವನಿಗೇ ಆ ಹೆಸರು ಅಂಟುತ್ತದೆ, ಹಾಗೆ ಬೇರೆಬೇರೆ ಕಾಲಕ್ಕೆ ಬಿಟ್ಟುಹೋದ ಹತ್ತು ಜಾತಿಯ ಹತ್ತು ಮನೆಗಳಿಗೂ ಅದೇ ಹೆಸರು. ಅಡ್ಡಹೆಸರು ‘ಬೀಳಗಿ’ ಎಂದಿದ್ದರೆ ಸಿದ್ದಾಪುರ ತಾಲೂಕಿನ ಬಿಳಗಿಯ ಅರಸರಿಗೆ ಗಂಟು ಹಾಕುವ ಉತ್ಸಾಹಿಗಳೂ ಇಲ್ಲದಿಲ್ಲ. ದೀರ್ಘ ಒಂದನ್ನು ನುಂಗಿ ಕೃಷ್ಣಾತೀರದವರನ್ನು ಮಲೆನಾಡಿಗೆ ಒಯ್ಯುವ ಸುಲಭ ಪ್ರಯಾಣ ಅದು.

ಕಾಗದ ಮುಗಿದಲ್ಲಿ ಇನ್ನೊಂದು ಬಗೆಯ ಸಾಕ್ಷ್ಯ ಶುರುವಾಗುತ್ತದೆ, ಮತ್ತು ಈ ಸೀಮೆಯ ಮಟ್ಟಿಗೆ ಇದೇ ಮುಖ್ಯ. ಗಂಡನ ಮನೆಯ ವಂಶಾವಳಿಯಲ್ಲಿ ಸೊಸೆಯ ಮೂಲ ಇಲ್ಲ ಎಂಬ ಮಾತಿನ ಹಿಂದೆ, ಗಂಡನ ಮನೆಯೂ ಹುಟ್ಟಿದ ಮನೆಯೂ ಪರಸ್ಪರ ಅಪರಿಚಿತ ಎಂಬ ಭಾವನೆ ಅಡಗಿದೆ. ಉತ್ತರ ಹಿಂದೂಸ್ಥಾನದ ಬಹುಭಾಗಕ್ಕೆ ಅದು ಸರಿ. ಇಲ್ಲಿಗೆ ಸರಿಯಲ್ಲ. ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿಕೊಟ್ಟ ಮುಖ್ಯ ಭೇದವೇ ಇದು: ದಕ್ಷಿಣದಲ್ಲಿ ಹುಡುಗಿ ಹೋಗುವುದು ಗೊತ್ತಿದ್ದವರ ಮನೆಗೆ. ದಕ್ಷಿಣದವರು ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುತ್ತಾರೆಂದು ಬೌಧಾಯನ ಧರ್ಮಸೂತ್ರವೇ ಹೇಳಿರುವುದರಿಂದ ಇದು ನಿನ್ನೆಯ ರೂಢಿಯೂ ಅಲ್ಲ. ಇದರ ಲೆಕ್ಕವನ್ನು ಬಿಡಿಸಿ ನೋಡಬೇಕು. ಒಬ್ಬಾಕೆಯನ್ನು ಅವಳ ತಾಯಿಯ ತಮ್ಮನಿಗೇ ಕೊಟ್ಟರು ಎನ್ನೋಣ. ಆಗ ಅವಳ ಅತ್ತೆ ಮಾವ ಬೇರೆ ಯಾರೂ ಅಲ್ಲ, ತಾಯಿಯ ತಂದೆತಾಯಿ. ಅಜ್ಜ ಅಜ್ಜಿಯರು ಯಾರಿಗಾದರೂ ನಾಲ್ವರು. ಅವರಲ್ಲಿ ಇಬ್ಬರು ಇವಳ ಗಂಡನ ಮನೆಯಲ್ಲೇ ಕೂತಿದ್ದಾರೆ. ಹೆಳವರು ಆ ಮನೆಯ ಮುಂದೆ ನಿಂತು ಗಂಡನ ತಂದೆ, ಅವನ ತಂದೆ, ಅವನ ತಂದೆ ಎಂದು ಹೇಳುತ್ತ ಹೋದಾಗ ಅವರು ಹೇಳುತ್ತಿರುವುದು ಅವಳ ತಾಯಿಯ ತಂದೆಯ ಸಾಲನ್ನು. ತಾಯಿಯ ಅಣ್ಣನ ಮಗನಿಗೆ ಕೊಟ್ಟರೂ ಅಷ್ಟೇ, ಗಂಡನ ಅಜ್ಜ ಇವಳ ತಾಯಿಯ ತಂದೆ. ತಂದೆಯ ಅಕ್ಕನ ಮಗನಿಗೆ ಕೊಟ್ಟರೆ ಅವಳ ಅತ್ತೆ ಅವಳದೇ ತವರಿನ ಹಿಂದಿನ ತಲೆಮಾರಿನ ಮಗಳು; ಹಾಗಾಗಿ ಅತ್ತೆಯ ತವರು ಗೊತ್ತಾದರೆ ಸೊಸೆಯ ತವರೂ ಗೊತ್ತಾದಂತೆ. ‘ಅವಳ ಮೂಲ ಇದರಲ್ಲಿಲ್ಲ’ ಎಂದು ನಾವು ಪಕ್ಕಕ್ಕಿಟ್ಟ ವಂಶಾವಳಿಯಲ್ಲೇ ಅವಳ ಮೂಲದ ಒಂದು ಪಾಲು ಗಂಡಸರ ಹೆಸರಿನಲ್ಲಿ ಬರೆದುಕೊಂಡಿದೆ.

ಹಾಗಾದರೆ ಎಲ್ಲ ಮದುವೆಗಳೂ ಸಂಬಂಧದೊಳಗೇ ಆಗುತ್ತಿದ್ದವೆ? ಇಲ್ಲ. ಮರಾಠರಲ್ಲಿ ಅಕ್ಕನ ಮಗಳನ್ನು ತರುವ ರೂಢಿ ಇಲ್ಲ, ಸೋದರಮಾವನ ಮಗಳನ್ನಷ್ಟೇ ತರಬಹುದು. ಮುಸ್ಲಿಮರಲ್ಲಿ ಅಕ್ಕನ ಮಗಳು ನಿಷಿದ್ಧ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲೂ ಸಂಬಂಧ ಆಗುತ್ತದೆ, ಅಲ್ಲಿ ನಿಕಾಹಿನ ಬರಹದಲ್ಲಿ ವಧುವಿನ ತಂದೆಯ ಹೆಸರೂ ಬರುತ್ತದೆ. ಹೊರಗಿನ ಸಂಬಂಧಗಳು ಎಲ್ಲರಲ್ಲೂ ಇದ್ದವು. ನನ್ನ ವಾದಕ್ಕೆ ಪ್ರತಿಯೊಂದು ಮದುವೆಯೂ ಒಳಗಿನದಾಗಿರಬೇಕಿಲ್ಲ. ಒಳಗಿನದಾಗಿರಬಹುದೇ ಎಂದು ಮೊದಲು ಕೇಳದೆ ಹುಡುಕಾಟ ನಿಲ್ಲಿಸಬಾರದು ಎಂಬಷ್ಟು ಸಾಕು. ಹೊರಗಿನ ಸಂಬಂಧವಾದರೂ ತವರು ಎಂಬುದು ಮದುವೆಯ ದಿನಕ್ಕೆ ಮುಗಿಯುವುದಲ್ಲ. ಚೊಚ್ಚಲ ಬಾಣಂತನ ಅಲ್ಲಿ, ಪಂಚಮಿಗೆ ಕರೆಯಲು ಅಣ್ಣ ಬರುತ್ತಾನೆ, ಅವಳ ಮಕ್ಕಳ ಮದುವೆಯಲ್ಲಿ ಸೋದರಮಾವನಿಗೆ ಅವನದೇ ಆದ ಕೆಲಸವಿದೆ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆಯ ಸಾಲಿನ ಮೂವರ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೂ, ತಾಯಿಯ ತಂದೆಯ ಕಡೆಯ ಮೂವರನ್ನೂ ಹೆಸರಿಟ್ಟು ನೆನೆಯುತ್ತಾರೆ. ಮಗಳ ಮಗನ ಬಾಯಲ್ಲಿ ತವರಿನ ಮೂರು ತಲೆಮಾರು ವರ್ಷವರ್ಷ ಸುಳಿಯುತ್ತವೆ. ಇಷ್ಟೊಂದು ಸಲ ನೆನಪಿಸಿಕೊಳ್ಳಬೇಕಾದ ಮನೆಯನ್ನು ಮರೆಯುವುದು ಕಷ್ಟ. ಮರೆಯುವುದಾದರೆ ನಾವು, ಪ್ರಶ್ನೆ ಕೇಳುವವರು. ‘ಅಜ್ಜಿಯ ವಂಶ ಯಾವುದು’ ಎಂದು ಕೇಳಿದರೆ ಗಂಡನ ವಂಶ ಹೇಳುತ್ತಾರೆ, ‘ಅಜ್ಜಿಯನ್ನು ಯಾವ ಊರಿಂದ, ಯಾರ ಮನೆಯಿಂದ ತಂದರು’ ಎಂದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ.

ಬಾಯಿಮಾತು ಪ್ರಮಾಣವಾಗುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. ಎಲ್ಲ ಬಾಯಿಮಾತಿಗೂ ಒಂದೇ ತೂಕ ಕೊಟ್ಟರೆ ಆಗುವುದಿಲ್ಲ. ನಾನು ಹೀಗೆ ಮೂರು ಮೆಟ್ಟಿಲು ಮಾಡಿಕೊಳ್ಳುತ್ತೇನೆ:

1. ಆಕೆಯ ಹೆಸರು, ತಂದೆಯ ಹೆಸರು ಎರಡೂ ಇರುವ, ಆಕೆಯ ಕಾಲದ್ದೇ ಆದ, ಅದರಲ್ಲೂ ಎದುರುಪಕ್ಷದವರು ಅಲ್ಲಗಳೆಯಬಹುದಾಗಿದ್ದರೂ ಅಲ್ಲಗಳೆಯದ ಕಾಗದ. ಇದನ್ನು ಖಚಿತ ಎನ್ನಬಹುದು.

2. ಎರಡೂ ಮನೆಗಳ ಸ್ವತಂತ್ರ ನೆನಪು. ಗಂಡನ ಮನೆಯವರು ‘ಇಂಥ ಊರಿನ ಇಂಥ ಬೆಡಗಿನವರಿಂದ ತಂದೆವು’ ಎನ್ನಬೇಕು, ಆ ಊರಿನವರು ಕೇಳುವ ಮೊದಲೇ ‘ನಮ್ಮ ಹೆಣ್ಣು ಅಲ್ಲಿಗೆ ಹೋಗಿದೆ’ ಎನ್ನಬೇಕು. ಎರಡು ಮನೆಗಳಿಗೂ ಈಗ ಇದರಿಂದ ಲಾಭವಿಲ್ಲದಿದ್ದರೆ ಇದು ಬಲವಾದ ಊಹೆ.

3. ಹೆಸರಿನ, ಅಡ್ಡಹೆಸರಿನ, ದೇವರ ಹೋಲಿಕೆ. ಇದು ಬರೀ ಸುಳಿವು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿಯಿಂದ ಹೆಸರು ಮರುಕಳಿಸುವುದು ನಿಜ. ಆದರೆ ಸವದತ್ತಿಯ ಪ್ರಭಾವ ಇರುವಲ್ಲೆಲ್ಲ ಮನೆಗೊಬ್ಬ ಎಲ್ಲವ್ವ, ಶ್ರೀಶೈಲಕ್ಕೆ ನಡೆಯುವವರಲ್ಲೆಲ್ಲ ಮಲ್ಲವ್ವ. ಆ ಹೆಸರುಗಳು ತೋರಿಸುವುದು ದೇವರ ಗುಡಿಯ ದಾರಿಯನ್ನು.

ಈ ಮೆಟ್ಟಿಲುಗಳಿಂದ ಅಳೆದರೆ ಎತ್ತರದವರ ವಂಶಾವಳಿಗಳೂ ಅಲುಗಾಡುತ್ತವೆ. ಮುಧೋಳದ ಘೋರ್ಪಡೆಯವರ ಮೂಲವನ್ನು ಮೇವಾಡದ ಸಿಸೋದಿಯರವರೆಗೆ ಒಯ್ಯಲಾಗಿದೆ. ಬಹಮನಿ ಸುಲ್ತಾನರ ಫರ್ಮಾನುಗಳ ಆಧಾರದ ಮೇಲೆ ದ.ವಿ. ಆಪಟೆಯವರು 1934ರಲ್ಲಿ ಮರಾಠಿಯಲ್ಲಿ ಆ ಮನೆತನದ ಇತಿಹಾಸ ಬರೆದರು. ಉಡದ (ಮರಾಠಿಯಲ್ಲಿ ‘ಘೋರ್ಪಡ’) ಸಹಾಯದಿಂದ ಕೋಟೆ ಹತ್ತಿದ್ದರಿಂದ ಘೋರ್ಪಡೆ ಎಂಬ ಹೆಸರು ಬಂತೆಂಬ ಕಥೆಯೂ ಅದರಲ್ಲಿದೆ. ಆ ಫರ್ಮಾನುಗಳು ಅಸಲಿಯೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಐದುನೂರು ವರ್ಷದ ಗಂಡಸರ ಸಾಲು ಕಾಗದದ ಮೇಲೆ ಇದ್ದೂ ಅದರ ಬುಡ ತಕರಾರಿಗೆ ಒಳಗಾಗುತ್ತದೆ. ಬನಹಟ್ಟಿಯ ಸೊಸೆಯ ತವರು ರಬಕವಿಯ ಇಂಥ ಓಣಿ ಎಂಬ ಎರಡು ತಲೆಮಾರಿನ ಮಾತು ಎರಡೂ ಮನೆಯ ನೆನಪಿನಿಂದ ನಿಲ್ಲುತ್ತದೆ. ಉದ್ದ ಬೇರೆ, ಗಟ್ಟಿತನ ಬೇರೆ. ಹಾಗೆಯೇ, ಹೆಣ್ಣಿನ ಮೂಲ ಬರೆಯುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ ಎನ್ನುವವರು ಮುಧೋಳದಲ್ಲೇ ನಿಂತು ಹಾಗೆ ಹೇಳಬಾರದು. ಆ ಊರಿನ ಬಳೆಗಾರರ ಮನೆಯ ರನ್ನ 993ರ ಅಜಿತಪುರಾಣದಲ್ಲಿ ತಂದೆ ಜಿನವಲ್ಲಭನ ಜೊತೆಗೆ ತಾಯಿ ಅಬ್ಬಲಬ್ಬೆಯನ್ನೂ, ಹೆಂಡಿರಾದ ಜಕ್ಕಿ, ಶಾಂತಿಯರನ್ನೂ, ಮಗಳು ಅತ್ತಿಮಬ್ಬೆಯನ್ನೂ ಹೆಸರಿಸಿದ್ದಾನೆ. ಮಗಳಿಗೆ ಯಾರ ಹೆಸರಿಟ್ಟನೋ ಆ ಪೋಷಕಿ ಅತ್ತಿಮಬ್ಬೆಯ ಪರಿಚಯವನ್ನು ಗಂಡ ನಾಗದೇವನಿಂದ ಶುರುಮಾಡಿ ಅಲ್ಲಿಗೇ ಮುಗಿಸಲಿಲ್ಲ. ಅವಳ ತಂದೆ ಮಲ್ಲಪಯ್ಯ, ಅಜ್ಜ ನಾಗಮಯ್ಯ, ತಂಗಿ ಗುಂಡಮಬ್ಬೆ ಎಂದು ತವರಿನ ಸಾಲನ್ನೇ ಬಿಡಿಸಿಟ್ಟ. ಕೊಡುವವಳ ಹೊಗಳಿಕೆ ಅದು ಎನ್ನಬಹುದು. ಹೌದು, ಆದರೆ ಹೊಗಳುವವನಿಗೆ ತವರನ್ನು ಹೇಳುವುದು ಹೊಗಳಿಕೆಯಾಗಿ ಕಂಡಿತು ಎಂಬುದೇ ಇಲ್ಲಿ ಮುಖ್ಯ.

ನಿಜಕ್ಕೂ ಜಾಡು ಕಡಿದುಹೋಗುವ ಕಡೆಗಳಿವೆ, ಅವುಗಳನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1876ರಿಂದ 78ರವರೆಗಿನ ಬರ ಅಂಥದ್ದು. 1872ರ ಗಣತಿಯಿಂದ 1881ರ ಗಣತಿಗೆ ಬರುವಷ್ಟರಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂದು ಬೇರ್ಪಡಿಸುವುದು ಆಗಲೇ ಕಷ್ಟವಾಗಿತ್ತು. ತವರಿನವರೆಲ್ಲ ಆ ಬರದಲ್ಲಿ ಕರಗಿಹೋದ ಸೊಸೆಯಂದಿರು ಎಷ್ಟೋ. ಎರಡನೆಯ ಮೆಟ್ಟಿಲಿಗೆ ಬೇಕಾದ ಎರಡನೆಯ ಮನೆಯೇ ಇಲ್ಲದಾಗ ನಮ್ಮ ಕೈಯಲ್ಲಿ ಉಳಿಯುವುದು ಒಂದು ಊರಿನ ಹೆಸರು. ಬೀಳಗಿ ತಾಲೂಕಿನ ಎಷ್ಟೋ ಮನೆಗಳಿಗೆ ಆ ಊರೇ ಇಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ತವರೂರೇ ಮುಳುಗಿದೆ, ಓಣಿಯ ಗುರುತು ಹೇಳುತ್ತಿದ್ದ ಗುಡಿ, ಬಾವಿ, ಅಗಸಿ ನೀರಿನಡಿ. ಆದರೆ ಬರ ಗಂಡಸರ ಸಾಲನ್ನೂ ಕಡಿಯಿತು, ಹಿನ್ನೀರು ಇಬ್ಬರ ಮನೆಯನ್ನೂ ಮುಳುಗಿಸಿತು. ಈ ನಷ್ಟಗಳನ್ನು ‘ಹೆಣ್ಣಿಗೆ ವಂಶವಿಲ್ಲ’ ಎಂಬ ಮಾತಿಗೆ ಪುರಾವೆಯಾಗಿ ಬಳಸುವಂತಿಲ್ಲ. ರಕ್ತಪರೀಕ್ಷೆಯಿಂದ, ತಾಯಿಯಿಂದ ಮಕ್ಕಳಿಗೆ ಬರುವ ವಂಶವಾಹಿಯಿಂದ ಇದನ್ನು ತುಂಬಬಹುದೆಂದು ಈಗಿನವರು ಹೇಳುತ್ತಾರೆ. ಅದು ತಾಯಿ, ತಾಯಿಯ ತಾಯಿ ಎಂಬ ಒಂದೇ ಎಳೆಯನ್ನು ಸಾವಿರಾರು ವರ್ಷ ಹಿಂದಕ್ಕೆ ತೋರಿಸುತ್ತದೆ, ರಬಕವಿಯ ಓಣಿಯನ್ನು ತೋರಿಸುವುದಿಲ್ಲ.

ಕೊನೆಯ ಆಕ್ಷೇಪ ನೈತಿಕ ಸ್ವರೂಪದ್ದು: ಮೂಲ ಹುಡುಕುವ ಹುಚ್ಚು ಕೊನೆಗೆ ಜಾತಿಯ ಹೆಮ್ಮೆಗೇ ನೀರೆರೆಯುವುದಲ್ಲವೆ? ಆಗಬಹುದು. ತಾಯಿಯ ಸಾಲನ್ನು ಹುಡುಕಿದ ಮಾತ್ರಕ್ಕೆ ಜಾತಿಯ ಗೋಡೆ ಬೀಳುತ್ತದೆಂದು ನಾನು ಹೇಳಲಾರೆ. ಮದುವೆಗಳೆಲ್ಲ ಜಾತಿಯೊಳಗೇ ಆಗಿರುವಾಗ ಅದು ಬೀಳುವುದೂ ಇಲ್ಲ. ಆದರೆ ಒಂದೇ ಗಂಡುಸಾಲಿನ ತುದಿಯಲ್ಲಿ ಒಬ್ಬ ಮೂಲಪುರುಷನನ್ನು ಕೂರಿಸಿ ‘ನಾವು ಇಂಥವರು’ ಎನ್ನುವವರಿಗೆ, ಐದು ತಲೆಮಾರು ಹಿಂದೆ ಹೋದರೆ ಮೂವತ್ತೆರಡು ಸ್ಥಾನಗಳಿವೆ, ಅದರಲ್ಲಿ ಹದಿನಾರು ಹೆಂಗಸರವು, ಮೂಲಪುರುಷ ಕೂತಿರುವುದು ಆ ಮೂವತ್ತೆರಡರಲ್ಲಿ ಒಂದರ ಮೇಲೆ ಎಂದು ತಿಳಿಯುವುದರಿಂದ ನಷ್ಟವೇನಿಲ್ಲ. ಸಂಬಂಧದ ಮದುವೆಗಳಿಂದ ಅದೇ ಮನುಷ್ಯರು ಎರಡು ಮೂರು ಸ್ಥಾನಗಳಲ್ಲಿ ಕಾಣಿಸಿಕೊಂಡರೂ ಲೆಕ್ಕದ ಪಾಠ ಬದಲಾಗುವುದಿಲ್ಲ.

ಈಗ ನಾಡಕಚೇರಿಯಲ್ಲಿ ಬರೆಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇರಬೇಕು. 1994ರ ಕರ್ನಾಟಕದ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಅವರಿಗೆ ಪಾಲು ಕೊಟ್ಟ ಮೇಲೆ ಅವರನ್ನು ಬಿಟ್ಟು ವಾಟಣಿ ಮಾಡುವಂತಿಲ್ಲ. ಆದ್ದರಿಂದ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸಿ, ಕುಪ್ಪಸದ ಕಣ ಉಡಿಯಲ್ಲಿಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುತ್ತಾರೆ. ಆ ಪತ್ರದಲ್ಲಿ ಅವಳ ಹೆಸರಿದೆ, ತಂದೆಯ ಹೆಸರಿದೆ, ಗಂಡನ ಹೆಸರಿದೆ, ಹುಟ್ಟಿದ ಊರು, ಸೇರಿದ ಊರು ಎರಡೂ ಇವೆ. ಇನ್ನು ನೂರು ವರ್ಷದ ಮೇಲೆ ಅವಳನ್ನು ಹುಡುಕುವವರಿಗೆ ಮೊದಲ ಮೆಟ್ಟಿಲಿನ ಸಾಕ್ಷ್ಯ ಅದೇ ಆಗಿರುತ್ತದೆ.